ನಿಮಗಿದು ಗೊತ್ತೇ? ಸರ್ಪಸುತ್ತು ಸುತ್ತಿಬಂದ ಊರುಗಳು

◆ ಸೊಂಟದ ಒಂದೇ ಬದಿಯಲ್ಲಿ ಉರಿ. ಎರಡು ಮೂರು ದಿನ ಕಳೆದರೆ ಅದೇ ಜಾಗದಲ್ಲಿ ಸಾಲುಗಟ್ಟಿ ಏಳುವ ನೀರುಗುಳ್ಳೆ. ಅಂಗಿ ತಾಗಿದರೂ ತಡೆಯಲಾಗದ ನೋವು. ಕನ್ನಡದವರು ಇದನ್ನು ಸರ್ಪಸುತ್ತು ಎಂದರು, ಕೆಲವೆಡೆ ಸರ್ಪಹುಣ್ಣು ಎಂದರು. ಡಾಕ್ಟರು ಚೀಟಿಯಲ್ಲಿ ಬರೆಯುವುದು ಹರ್ಪಿಸ್ ಜೋಸ್ಟರ್. ಒಂದು ಹಳ್ಳಿಯ ಮಾತು, ಇನ್ನೊಂದು ಶಾಸ್ತ್ರದ ಮಾತು ಎಂದು ಇವೆರಡನ್ನೂ ದೂರದೂರ ಕೂರಿಸಿದವರು ನಾವು. ಆದರೆ ಹರ್ಪಿಸ್ ಮತ್ತು ಸರ್ಪ ಒಂದೇ ಬೇರಿನಿಂದ ಒಡೆದ ಪದಗಳು.

◆ ಆ ಬೇರಿನ ಅರ್ಥ ತೆವಳು, ಹರಿದಾಡು. ಸಂಸ್ಕೃತದಲ್ಲಿ ಅದು 'ಸೃಪ್' ಧಾತು, ಲ್ಯಾಟಿನ್‌ನಲ್ಲಿ 'ಸೆರ್ಪೆರೆ', ಗ್ರೀಕ್‌ನಲ್ಲಿ 'ಹೆರ್ಪೆಯ್ನ್'. ಗ್ರೀಕರ ಬಾಯಲ್ಲಿ ಪದದ ಮೊದಲಿನ 'ಸ' ಸವೆದು 'ಹ' ಆಯಿತು. ನಮ್ಮ ಸಪ್ತ ಲ್ಯಾಟಿನ್‌ನಲ್ಲಿ ಸೆಪ್ತೆಮ್, ಗ್ರೀಕ್‌ನಲ್ಲಿ ಹೆಪ್ತ. ಸರ್ಪಕ್ಕೆ ಒಡಹುಟ್ಟಿದ ಪದ ಅಲ್ಲಿ ಹೆರ್ಪೆಸ್ ಆದದ್ದೂ ಹಾಗೆಯೇ. ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ಹಳಗನ್ನಡದ ಪಾವು ಹಾವಾಯಿತು, ಪಾಲು ಹಾಲಾಯಿತು, ಪೂ ಹೂವಾಯಿತು. ಅವರಲ್ಲಿ ಜಾಗ ಬಿಟ್ಟುಕೊಟ್ಟದ್ದು 'ಸ', ನಮ್ಮಲ್ಲಿ 'ಪ'.

◆ ಈ ಕಾಯಿಲೆಗೆ ಕಾರಣ ಒಂದು ವೈರಸ್. ಲ್ಯಾಟಿನ್‌ನಲ್ಲಿ 'ವೀರುಸ್' ಎಂದರೆ ವಿಷ. ಸಂಸ್ಕೃತದ 'ವಿಷ'ಕ್ಕೂ ಅದಕ್ಕೂ ಮೂಲ ಒಂದೇ. ರೋಮಿನ ಲೇಖಕ ಸೆಲ್ಸಸ್ ಹುಚ್ಚುನಾಯಿ ಕಡಿತದ ವಿಷಕ್ಕೆ ಈ ಪದ ಬಳಸಿದ್ದ. 1898ರಲ್ಲಿ ಹಾಲೆಂಡಿನ ಬೈಯರಿಂಕ್ ತಂಬಾಕಿನ ಎಲೆ ಕೆಡಿಸುವ, ಸೋಸಿದರೂ ಸಿಗದ ಅತಿಸೂಕ್ಷ್ಮ ಸೋಂಕಿಗೆ ಅದೇ ಪದವನ್ನು ಇಟ್ಟ. ಹಾಗಾಗಿ ಲ್ಯಾಬ್ ವರದಿಯಲ್ಲಿ 'ಹರ್ಪಿಸ್ ವೈರಸ್' ಎಂದು ಓದುವಾಗ, ಪದಗಳ ವಂಶಾವಳಿಯನ್ನು ಹಿಡಿದು ಹೊರಟರೆ ನಮಗೆ ಸಿಗುವುದು 'ಸರ್ಪ' ಮತ್ತು 'ವಿಷ'. ನಿಜವಾದ ಹಾವಿಗೂ ಈ ಕಾಯಿಲೆಗೂ ಏನೇನೂ ಸಂಬಂಧವಿಲ್ಲ. ನಂಟು ಇರುವುದು ಹೆಸರಿಟ್ಟವರ ಕಣ್ಣಿನಲ್ಲಿ. ಗುಳ್ಳೆಗಳು ಮೈಮೇಲೆ ತೆವಳುವುದನ್ನು ಅವರು ಕಂಡರು, ಕಂಡದ್ದನ್ನು ಹೇಳಿದರು.

◆ ಸರ್ಪದ ಹೆಸರು ಹೇಳಿದರೆ ಕನ್ನಡನಾಡಿನಲ್ಲಿ ಮೊದಲು ನೆನಪಾಗುವ ಊರು ಸುಬ್ರಹ್ಮಣ್ಯ. ಹಿಂದೆ ಸುಳ್ಯ ತಾಲ್ಲೂಕಿನಲ್ಲಿತ್ತು, ಈಗ ಕಡಬ ತಾಲ್ಲೂಕಿಗೆ ಸೇರಿದೆ. ಕುಮಾರಪರ್ವತದ ಬುಡ, ಕುಮಾರಧಾರೆಯ ದಂಡೆ. ಸರ್ಪ ಸಂಸ್ಕಾರ, ಆಶ್ಲೇಷಾ ಬಲಿ, ನಾಗಪ್ರತಿಷ್ಠೆಗೆಂದು ದೇಶದ ಮೂಲೆಮೂಲೆಯಿಂದ ಜನ ಇಲ್ಲಿಗೆ ಬರುತ್ತಾರೆ. ಚರ್ಮದ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತವರೂ ಅವರಲ್ಲಿ ಇರುತ್ತಾರೆ. ಇಲ್ಲಿಯ ಹುತ್ತದ ಮಣ್ಣೇ ಪ್ರಸಾದ, ಅದಕ್ಕೆ ಮೃತ್ತಿಕೆ ಎಂದು ಹೆಸರು. ದೇಗುಲದೊಳಗೆ ಬೆಳ್ಳಿ ಹೊದಿಸಿದ ಗರುಡಗಂಬವಿದೆ. ಗರ್ಭಗುಡಿಯಲ್ಲಿರುವ ವಾಸುಕಿಯ ವಿಷದ ಉಸಿರು ಭಕ್ತರಿಗೆ ತಾಗದಿರಲೆಂದು ಅದನ್ನು ನಿಲ್ಲಿಸಿದ್ದು ಎಂಬುದು ನಂಬಿಕೆ. ಹಾವಿನ ಉಸಿರಿನಿಂದ, ಹಾವು ಹರಿದಾಡಿದ ಜಾಗದಿಂದ ಮೈಗೆ ಕೇಡು ತಗಲುತ್ತದೆ ಎಂಬ ಭಯ ತುಳುನಾಡಿನದ್ದು ಮಾತ್ರ ಎಂದುಕೊಂಡಿದ್ದರೆ, ಪೋರ್ಚುಗಲ್ಲಿನ ಹಳ್ಳಿಗಳ ಕತೆ ಕೇಳಿ.

◆ ಪೋರ್ಚುಗಲ್ಲಿನಲ್ಲಿ ಸರ್ಪಸುತ್ತಿಗೆ ಜನ ಇಟ್ಟ ಹೆಸರು 'ಕೋಬ್ರಾವ್', 'ಕೋಬ್ರೈರು'. ಎರಡೂ ಹುಟ್ಟಿದ್ದು 'ಕೋಬ್ರಾ' ಎಂಬ ಪದದಿಂದ. ಆ ನುಡಿಯಲ್ಲಿ ಕೋಬ್ರಾ ಎಂದರೆ ಯಾವುದೇ ಹಾವು. ಒಣಗಲು ಹಾಕಿದ ಬಟ್ಟೆಯ ಮೇಲೆ ಹಾವೋ ಹಲ್ಲಿಯೋ ಕಪ್ಪೆಯೋ ಹರಿದು ಹೋಗಿ, ಅದನ್ನು ಉಟ್ಟವರಿಗೆ ಈ ಗುಳ್ಳೆ ಏಳುತ್ತದೆ ಎಂದು ಅಲ್ಲಿಯ ಅಜ್ಜಿಯಂದಿರು ಹೇಳುತ್ತಿದ್ದರು. ಪರಿಹಾರಕ್ಕೆ ಮಂತ್ರಿಸುವವರಿದ್ದರು. ಚೂರಿ ಹಿಡಿದು ಗುಳ್ಳೆಯ ಸಾಲಿನ ಮೇಲೆ ಗಾಳಿಯಲ್ಲೇ ಗೀಟು ಎಳೆದು ತಲೆ, ನಡು, ಬಾಲ ಎಂದು ಹಾವನ್ನು 'ಕತ್ತರಿಸುವುದು' ಅವರ ಕ್ರಮ. ಈ ವಿದ್ಯೆ ಹಡಗು ಹತ್ತಿ ಬ್ರೆಜಿಲ್ಲಿಗೂ ಹೋಯಿತು. ಅಲ್ಲಿ ಮಂತ್ರಿಸುವ ಹೆಂಗಸರನ್ನು 'ಬೆಂಜೆದೈರಾ' ಎನ್ನುತ್ತಾರೆ.

◆ ಸ್ಪೇನಿನಲ್ಲೂ ಸ್ಪ್ಯಾನಿಷ್ ಮಾತಾಡುವ ಅಮೆರಿಕದ ನಾಡುಗಳಲ್ಲೂ ಇದು 'ಕುಲೆಬ್ರಿಯಾ', ಅಂದರೆ ಪುಟ್ಟ ಹಾವು, ನಾಗರಮರಿ ಎಂದ ಹಾಗೆ. ಅರ್ಜೆಂಟೀನಾದಲ್ಲಿ ಕಪ್ಪು ಶಾಯಿಯಿಂದ ಗುಳ್ಳೆಯ ಸುತ್ತ ದೇವರ ಹೆಸರು ಬರೆದು ಹಾವನ್ನು ಕಟ್ಟಿಹಾಕುವ ಪದ್ಧತಿ ಇದೆ. ತಮಿಳುನಾಡಿನಲ್ಲಿ ಇದೇ ಕಾಯಿಲೆಯ ಹೆಸರು 'ಅಕ್ಕಿ', ಅಲ್ಲಿ ಕುಂಬಾರರು ಕಾವಿಮಣ್ಣಿನಿಂದ ಮೈಮೇಲೆ ಬರೆಯುತ್ತಾರೆ. ಕೆಮ್ಮಣ್ಣು ಬಳಿಯುವ ರೂಢಿ ನಮ್ಮ ಊರುಗಳಲ್ಲೂ ಉಂಟು. ಸಮುದ್ರದ ಆ ದಡದವರೂ ಈ ದಡದವರೂ ಒಬ್ಬರನ್ನೊಬ್ಬರು ಕೇಳಿ ಇದನ್ನು ಕಲಿತರೆಂದು ನನಗೆ ಅನಿಸುವುದಿಲ್ಲ. ಅದೇ ಗುಳ್ಳೆ, ಅದೇ ಉರಿ, ಅದೇ ದಿಗಿಲು. ಬರೆದು ತಡೆಯೋಣ ಎಂಬ ಉಪಾಯ ಎರಡೂ ಕಡೆ ತಾನಾಗಿ ಹುಟ್ಟಿರಬೇಕು.

◆ ನೆರೆಯ ಮರಾಠಿಯಲ್ಲಿ ಇದು 'ನಾಗೀಣ್'. ತೆಲುಗಿನಲ್ಲಿ 'ಸರ್ಪಿ'.

◆ ಈಗ ಕೋಬ್ರಾ ಎಂಬ ಪದದ ಪಯಣ ನೋಡಿ. ಲ್ಯಾಟಿನ್‌ನಲ್ಲಿ ಹಾವಿಗೆ 'ಕೊಲುಬ್ರಾ' ಎಂದೊಂದು ಹೆಸರು. ಅದೇ ಸ್ಪ್ಯಾನಿಷ್‌ನಲ್ಲಿ ಕುಲೆಬ್ರಾ, ಫ್ರೆಂಚಿನಲ್ಲಿ ಕುಲೆವ್ರ್ ಆಯಿತು. ಪೋರ್ಚುಗೀಸಿಗೆ ಎರಡು ಸ್ವರಗಳ ನಡುವಿನ 'ಲ' ಕಾರವನ್ನು ಬಿಟ್ಟುಬಿಡುವ ಅಭ್ಯಾಸ. ಬಣ್ಣ ಎಂಬ ಅರ್ಥದ 'ಕೊಲೋರ್' ಅಲ್ಲಿ 'ಕೋರ್' ಆಯಿತು, ನೋವು ಎಂಬ ಅರ್ಥದ 'ದೊಲೋರ್' ಅಲ್ಲಿ 'ದೋರ್' ಆಯಿತು. ಕೊಲುಬ್ರಾ ಹೀಗೆ ಕೋಬ್ರಾ ಆಯಿತು. 1498ರಲ್ಲಿ ಕಲ್ಲಿಕೋಟೆಗೆ ಬಂದ ಪೋರ್ಚುಗೀಸರು ಮುಂದೆ ಈ ಕರಾವಳಿಯುದ್ದಕ್ಕೂ ಹರಡಿದಾಗ, ಹೆಡೆ ಬಿಚ್ಚಿ ನಿಲ್ಲುವ ನಾಗರಹಾವನ್ನು ಕಂಡು 'ಕೋಬ್ರಾ ದೆ ಕಪೆಲು' ಎಂದರು, ಅಂದರೆ ಮುಸುಕಿನ ಹಾವು. ಇಂಗ್ಲಿಷಿನವರು ಮುಸುಕನ್ನು ಬಿಟ್ಟು ಹಾವನ್ನು ಮಾತ್ರ ಉಳಿಸಿಕೊಂಡರು. ಇವತ್ತು ಲೋಕವೆಲ್ಲ ನಮ್ಮ ನಾಗರಹಾವನ್ನು ಕೋಬ್ರಾ ಎನ್ನುತ್ತಿದ್ದರೆ, ಆ ಹೆಸರೂ ಪೋರ್ಚುಗಲ್ಲಿನ ಸರ್ಪಸುತ್ತಿನ ಹೆಸರೂ ಒಂದೇ ತಾಯಿಯ ಮಕ್ಕಳು.

◆ ಕೊಟ್ಟದ್ದಷ್ಟೇ ಅಲ್ಲ, ಪೋರ್ಚುಗೀಸರು ಕೊಂಡುಹೋದದ್ದೂ ಇದೆ. ಮರಾಠಿಯ 'ಮಂಗೂಸ್', ನಮ್ಮ ಮುಂಗುಸಿಯ ಬಳಗದ ಪದ, ಅವರ ಮೂಲಕ ಯುರೋಪಿಗೆ ಹೋಗಿ ಫ್ರೆಂಚಿನಲ್ಲಿ ಮಂಗೂಸ್ತ್, ಇಟಾಲಿಯನ್ನಿನಲ್ಲಿ ಮಂಗುಸ್ತಾ ಆಯಿತು. ಪುತ್ತೂರು, ಸುಳ್ಯದ ತೋಟಗಳ ಅಡಕೆಗೆ ಸಸ್ಯಶಾಸ್ತ್ರದಲ್ಲಿ 'ಅರೆಕಾ' ಎಂಬ ಹೆಸರಿದೆಯಲ್ಲ, ಅದೂ ಈ ಕರಾವಳಿಯ ಅಡಕ್ಕ, ಅಡಕೆಯೇ. ಪೋರ್ಚುಗೀಸರ ಬಾಯಲ್ಲಿ ಹಾದು ಲಿನ್ನೇಯಸ್‌ನ ಪುಸ್ತಕ ಸೇರಿತು.

◆ ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ತಾ 1563ರಲ್ಲಿ ಭಾರತದ ಗಿಡಮೂಲಿಕೆಗಳ ಬಗ್ಗೆ ಪುಸ್ತಕವೊಂದನ್ನು ಅಲ್ಲೇ ಅಚ್ಚುಹಾಕಿಸಿದ. ಇಬ್ಬರು ಕುಳಿತು ಮಾತಾಡುವ ಧಾಟಿಯ ಪುಸ್ತಕ. ಹಾವಿನ ಕಡಿತಕ್ಕೆ ಜನ ಬಳಸುವ ಬೇರುಗಳ ವಿಷಯ, ನಾಗರನೊಡನೆ ಸೆಣಸುವ ಮುಂಗುಸಿಯ ವಿಷಯ ಎರಡೂ ಅದರಲ್ಲಿವೆ.

◆ ಫ್ರಾನ್ಸಿನಲ್ಲಾದರೋ ಹಾವು ಕಾಣುವುದಿಲ್ಲ. ಅಲ್ಲಿ ಸರ್ಪಸುತ್ತಿಗೆ 'ಜೋನಾ' ಎಂದು ಹೆಸರು. ಗ್ರೀಕಿನ 'ಜೋನೆ' ಎಂದರೆ ಸೊಂಟಕ್ಕೆ ಕಟ್ಟುವ ಪಟ್ಟಿ. ರೊಮೇನಿಯಾದವರೂ ಪೋರ್ಚುಗಲ್ಲಿನ ಡಾಕ್ಟರುಗಳೂ ಇದೇ ಪದ ಹಿಡಿದರು. 'ಜೋಸ್ಟರ್' ಕೂಡ ನಡುಪಟ್ಟಿಯೇ, ಗ್ರೀಕ್ ಯೋಧರು ಕಟ್ಟುತ್ತಿದ್ದದ್ದು. ರೈಲ್ವೆಯ ಝೋನು, ಊರೂರಿನ ಪಾರ್ಕಿಂಗ್ ಝೋನು ಎಲ್ಲವೂ ಆ ಪಟ್ಟಿಯ ಸಂತಾನ. ಅದಕ್ಕೆ ನಾವು ಕೊಟ್ಟ ಹೆಸರು 'ವಲಯ', ಅದರ ಮೊದಲ ಅರ್ಥ ಬಳೆ. ಅವರು ಸೊಂಟಕ್ಕೆ ಕಟ್ಟಿದ್ದನ್ನು ನಾವು ಕೈಗೆ ತೊಟ್ಟೆವು.

ಇಂಗ್ಲಿಷಿನ 'ಶಿಂಗಲ್ಸ್' ಬಂದದ್ದೂ ಹೀಗೆ. ನಡುಪಟ್ಟಿಗೆ ಲ್ಯಾಟಿನ್ನಿನ ಪದ 'ಚಿಂಗುಲುಮ್'. ಅದೇ ಮನೆತನದ ಪದಗಳು ಇಟಲಿಯಲ್ಲಿ ಚಿಂಗ್ಯ, ಸ್ಪೇನಿನಲ್ಲಿ ಸಿಂಚಾ, ಫ್ರಾನ್ಸಿನಲ್ಲಿ ಸಾಂಗ್ಲ್, ರೊಮೇನಿಯಾದಲ್ಲಿ ಕಿಂಗ. ಅಲ್ಲೆಲ್ಲ ಅದು ಕುದುರೆಯ ಜೀನು ಬಿಗಿಯುವ ಪಟ್ಟಿ. ಇಂಗ್ಲಿಷಿನಲ್ಲಿ ಮಾತ್ರ ಕಾಯಿಲೆಯ ಹೆಸರಾಗಿ ಉಳಿಯಿತು.

◆ ನಾರ್ವೆಯವರು ಇದನ್ನು ಕರೆಯುವುದು 'ನರಕದ ಬೆಂಕಿ' ಎಂಬ ಅರ್ಥದ ಹೆಸರಿನಿಂದ. ಜರ್ಮನರಿಗೆ ಇದು 'ನಡುಪಟ್ಟಿಯ ಗುಲಾಬಿ'. ಅರಬರಿಗೆ 'ಬೆಂಕಿಯ ಪಟ್ಟಿ'. ಈ ನೋವು ಉಂಡವರು ಯಾವ ಹೆಸರನ್ನು ಒಪ್ಪುತ್ತಾರೆ ಎಂದು ಹೇಳಬೇಕಾಗಿಲ್ಲ.

◆ ಇಟಲಿಯವರು ಮಾತ್ರ ಕಾಯಿಲೆಗೆ ಸಂತರೊಬ್ಬರ ಹೆಸರನ್ನೇ ಇಟ್ಟರು: 'ಫುವೋಕೋ ದಿ ಸಂತಾಂತೋನಿಯೋ', ಸಂತ ಅಂತೋನಿಯ ಬೆಂಕಿ. ಜನವರಿ 17ರಂದು ಹಬ್ಬ ನಡೆಯುವ, ಈಜಿಪ್ಟಿನ ಮರಳುಗಾಡಿನಲ್ಲಿ ತಪಸ್ಸು ಮಾಡಿದ ಅಂತೋನಿ ಇವರು. ಸುಬ್ರಹ್ಮಣ್ಯದ ಹಾಗೆ ಇವರ ಅವಶೇಷವಿದ್ದ ಫ್ರಾನ್ಸಿನ ಊರಿಗೂ ಚರ್ಮ ಸುಡುವ ರೋಗದವರು ನಡೆದುಬರುತ್ತಿದ್ದರು. 11ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ರೋಗಿಗಳ ಸೇವೆಗೆಂದೇ ಒಂದು ಸಂಘ ಹುಟ್ಟಿತು, ಮುಂದೆ ಅವರ ಆಸ್ಪತ್ರೆಗಳು ಯುರೋಪಿನ ತುಂಬ ಎದ್ದವು. ಹಂದಿ ಸಾಕುವುದು, ಅದರ ಕೊಬ್ಬಿನಿಂದ ಹುಣ್ಣಿಗೆ ಲೇಪ ಮಾಡುವುದು ಅವರ ವೃತ್ತಿ.

ಆದರೆ ಆ ಕಾಲದಲ್ಲಿ 'ಬೆಂಕಿ' ಎಂದರೆ ಒಂದೇ ಕಾಯಿಲೆಯಲ್ಲ. ರೈ ಎಂಬ ಧಾನ್ಯದ ತೆನೆಗೆ ಒಂದು ಬೂಷ್ಟು ಹಿಡಿಯುತ್ತದೆ. ಆ ಹಿಟ್ಟಿನ ರೊಟ್ಟಿ ತಿಂದವರ ಕೈಕಾಲು ಉರಿದು, ಕಪ್ಪಾಗಿ, ಕೊಳೆತು ಬೀಳುತ್ತಿತ್ತು. ಸಂತ ಅಂತೋನಿಯ ಬೆಂಕಿ ಎಂದು ಹೆಚ್ಚಾಗಿ ಕರೆದದ್ದು ಅದನ್ನೇ. ಆ ಬೂಷ್ಟಿಗೆ ಫ್ರೆಂಚರು ಇಟ್ಟ ಹೆಸರು 'ಎರ್ಗೋ', ಹುಂಜದ ಕಾಲಿನ ಹಿಂದಿನ ಮುಳ್ಳು ಎಂದು ಅರ್ಥ. ತೆನೆಯಲ್ಲಿ ಅದು ಕಾಣುವುದೂ ಹಾಗೆಯೇ. 1512ರಿಂದ 1516ರ ನಡುವೆ ಚಿತ್ರಕಾರ ಗ್ರೂನೆವಾಲ್ಡ್ ಇಸೆನ್‌ಹೈಮ್‌ನ ಅಂತೋನಿ ಮಠಕ್ಕೆ ದೊಡ್ಡದೊಂದು ಪೂಜಾಚಿತ್ರ ಬರೆದುಕೊಟ್ಟ. ಅದರ ಮೂಲೆಯಲ್ಲಿ ಮೈಯೆಲ್ಲ ಹುಣ್ಣಾದ ರೋಗಿಯೊಬ್ಬನಿದ್ದಾನೆ. ಶಿಲುಬೆಯ ಮೇಲಿನ ಯೇಸುವಿನ ಮೈಯೂ ಗಾಯಗಳಿಂದ ತುಂಬಿದೆ. ತಮ್ಮದೇ ನೋವನ್ನು ದೇವರ ಮೈಯಲ್ಲಿ ಕಂಡರೆ ರೋಗಿಗಳಿಗೆ ಎಷ್ಟು ಧೈರ್ಯ ಬಂದಿರಬೇಕು! ಚಿತ್ರ ಈಗ ಫ್ರಾನ್ಸಿನ ಕೋಲ್ಮಾರ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ಕಾಲ ಸರಿದಂತೆ ಇಟಲಿಯ ಜನರ ಬಾಯಲ್ಲಿ ಆ ಹೆಸರು ಸರ್ಪಸುತ್ತಿಗೆ ಅಂಟಿಕೊಂಡು ಇಂದಿಗೂ ಉಳಿದಿದೆ.

◆ ಆಯುರ್ವೇದದಲ್ಲಿ 'ವಿಸರ್ಪ' ಎಂಬ ರೋಗವಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 21ನೆಯ ಅಧ್ಯಾಯ ಪೂರ್ತಿ ಅದಕ್ಕೇ ಮೀಸಲು. ಎಲ್ಲೆಡೆಗೂ ಹರಿಯುವುದು, ಅದಕ್ಕಾಗಿ ವಿಸರ್ಪ. ಇಲ್ಲಿಯೂ ಹಾವಲ್ಲ, ಹರಿದಾಟವೇ ಮುಖ್ಯ. ಹಾವಿಗೂ ಸರ್ಪ ಎಂಬ ಹೆಸರು ಬಂದದ್ದು ಹರಿದಾಡುವುದರಿಂದಲೇ ತಾನೆ?

◆ ಹಾವನ್ನು ನೇರವಾಗಿ ಹೆಸರು ಹಿಡಿದು ಕರೆಯಲು ಅಂಜುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ರಾತ್ರಿ ಹೊತ್ತು 'ಹುಳ' ಎನ್ನುತ್ತಾರೆ. ಕಚ್ಚಿದರೆ 'ಹುಳ ಮುಟ್ಟಿತು' ಎನ್ನುತ್ತಾರೆ. ಸರ್ಪ ಎಂಬುದೂ ಒಂದು ಕಾಲದಲ್ಲಿ ಹಾಗೆ ಹುಟ್ಟಿದ ಮರೆಮಾತು ಎಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಹಳೆಯ ನೇರ ಹೆಸರು ಸಂಸ್ಕೃತದ 'ಅಹಿ', ಲ್ಯಾಟಿನ್ನಿನ 'ಆಂಗ್ವಿಸ್'. ಅದನ್ನು ಉಚ್ಚರಿಸಲು ಹೆದರಿ 'ತೆವಳುವವನು' ಎಂದರು, ಆ ಮರೆಮಾತೇ ಕೊನೆಗೆ ಹೆಸರಾಗಿ ನಿಂತಿತು. ಫ್ರೆಂಚಿನಲ್ಲಿ ಅದು ಸೆರ್ಪಾಂ, ಇಟಲಿಯಲ್ಲಿ ಸೆರ್ಪೆಂತೆ, ಸ್ಪೇನಿನಲ್ಲಿ ಸೆರ್ಪಿಯೆಂತೆ, ರೊಮೇನಿಯಾದಲ್ಲಿ 'ಶರ್ಪೆ'. ಬುಖಾರೆಸ್ಟಿನ ಬೀದಿಯಲ್ಲಿ ನಿಂತು 'ಸರ್ಪ!' ಎಂದು ಕೂಗಿದರೆ ಜನ ಕಾಲು ಎತ್ತಿಯಾರು. ಇತ್ತ ಕೊಂಕಣಿಯಲ್ಲಿ ಹಾವಿಗೆ 'ಸೊರೊಪ್'. ತುಳುವಿನ 'ಉಚ್ಚು' ಮಾತ್ರ ಈ ಬಳಗಕ್ಕೆ ಸೇರದೆ ಬೇರೆಯೇ ನಿಂತಿದೆ.

◆ 'ಸರ್ಪದ ತಲೆ ಬಾಲ ಸೇರಿದರೆ ಆಳು ಉಳಿಯುವುದಿಲ್ಲ.' ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಸ್ಪ್ಯಾನಿಷ್ ಮಾತಾಡುವ ಹಳ್ಳಿಗಳಲ್ಲೂ ಕುಲೆಬ್ರಿಯಾದ ಬಗ್ಗೆ ಇದೇ ಮಾತಿದೆ. ಇನ್ನೂ ಹಿಂದಕ್ಕೆ ಹೋದರೆ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಂಕಿಬೆಟ್ಟ ಸಿಡಿದಾಗ ತೀರಿಕೊಂಡ ರೋಮಿನ ಪ್ಲಿನಿ ತನ್ನ ದೊಡ್ಡ ಗ್ರಂಥದಲ್ಲಿ ಜೋಸ್ಟರ್ ಬಗ್ಗೆ ಬರೆಯುತ್ತ, ಅದು ನಡುವನ್ನು ಪೂರ್ತಿ ಸುತ್ತಿದರೆ ಕೊಲ್ಲುತ್ತದೆ ಎಂದಿದ್ದಾನೆ. ಎರಡು ಸಾವಿರ ವರ್ಷದಿಂದ ಮನುಷ್ಯರನ್ನು ಹೆದರಿಸುತ್ತ ಬಂದಿರುವ ಮಾತು ಇದು.

ಇದು ನಿಜವಲ್ಲ. ಹಾಸಿಗೆ ಹಿಡಿದವರ ಮುಂದೆ ದಯವಿಟ್ಟು ಈ ಮಾತು ಆಡಬೇಡಿ. ಬೆನ್ನುಹುರಿಯಿಂದ ಹೊರಡುವ ನರಗಳು ಎಡಕ್ಕೊಂದು ಬಲಕ್ಕೊಂದು ಎಂದು ಜೋಡಿಜೋಡಿ. ವೈರಸ್ ಕೆರಳುವುದು ಸಾಮಾನ್ಯವಾಗಿ ಅವುಗಳಲ್ಲಿ ಒಂದೇ ನರದಲ್ಲಿ. ಆ ನರ ಬೆನ್ನಿನಿಂದ ಹೊರಟು ಪಕ್ಕೆಯನ್ನು ಬಳಸಿ ಹೊಟ್ಟೆಯ ನಡುಗೆರೆಯ ಹತ್ತಿರ ಮುಗಿಯುತ್ತದೆ. ಗುಳ್ಳೆಯೂ ಅಲ್ಲಿಗೇ ನಿಲ್ಲುತ್ತದೆ. ಅಂದರೆ ಈ ಸರ್ಪ ಸುತ್ತುವುದು ಅರ್ಧ ಸುತ್ತು ಮಾತ್ರ. ರೋಗನಿರೋಧಕ ಶಕ್ತಿ ತೀರ ಕುಂದಿದವರಲ್ಲಿ ಮೈಮೇಲೆ ಹಲವೆಡೆ ಹರಡಬಹುದು, ಅದು ಅಪಾಯವೇ. ಆದರೆ ಆ ಅಪಾಯಕ್ಕೂ ತಲೆ ಬಾಲ ಕೂಡುವುದಕ್ಕೂ ಸಂಬಂಧವಿಲ್ಲ.

◆ ಚರ್ಮದ ಯಾವ ಭಾಗಕ್ಕೆ ಯಾವ ನರ ಎಂಬ ನಕ್ಷೆ ವೈದ್ಯ ವಿದ್ಯಾರ್ಥಿಗಳ ಪುಸ್ತಕದಲ್ಲಿ ಇರುತ್ತದೆ. ಅದರ ಮೊದಲ ದೊಡ್ಡ ರೂಪ ಸಿಕ್ಕಿದ್ದು 1900ರಲ್ಲಿ, ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರಿಂದ. ಅವರು ನೋಡಿದ್ದು ಸರ್ಪಸುತ್ತಿನ ರೋಗಿಗಳನ್ನು. ಗುಳ್ಳೆಯ ಸಾಲು ಎಲ್ಲಿಂದ ಎಲ್ಲಿಗೆ ಎಂದು ಒಬ್ಬೊಬ್ಬರಲ್ಲೂ ಗುರುತು ಮಾಡುತ್ತ ಹೋದರು. ಮೈಯೊಳಗಿನ ನರಗಳ ದಾರಿಯನ್ನು ಮೈಮೇಲೆ ಗೆರೆ ಹಾಕಿ ತೋರಿಸಿದ್ದು ಈ ಕಾಯಿಲೆಯೇ.

◆ ಸರ್ಪಸುತ್ತು ಹೊರಗಿನಿಂದ ಹೊಸದಾಗಿ ಬರುವುದಿಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ಹೋಗಿರುತ್ತದಲ್ಲ, ಅದರ ವೈರಸ್ ಮೈಯನ್ನು ಬಿಟ್ಟು ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ವಯಸ್ಸಾಗಿ, ದೇಹ ಸೋತಾಗ ಎಚ್ಚೆತ್ತು, ನರದ ಗುಂಟ ಹರಿದು ಚರ್ಮಕ್ಕೆ ಬರುತ್ತದೆ. ಮನೆಯಲ್ಲಿ ಅಜ್ಜನಿಗೆ ಸರ್ಪಸುತ್ತು ಎದ್ದ ಮೇಲೆ ಮಗುವಿಗೆ ಸೀತಾಳೆ ಬರುವುದನ್ನು ಗಮನಿಸಿ 1909ರಲ್ಲಿ ಬರೆದವರು ಬುಡಾಪೆಸ್ಟಿನ ಮಕ್ಕಳ ವೈದ್ಯ ಬೋಕಾಯ್. ಒಳಗೇ ಅಡಗಿದ್ದು ಏಳುತ್ತದೆ ಎಂಬ ವಾದವನ್ನು 1965ರಲ್ಲಿ ಗಟ್ಟಿಯಾಗಿ ಮುಂದಿಟ್ಟವರು ಹೋಪ್-ಸಿಂಪ್ಸನ್. ಇವರು ದೊಡ್ಡ ಪ್ರಯೋಗಾಲಯದವರಲ್ಲ, ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ಡಾಕ್ಟರು. ತಮ್ಮ ಬಳಿಗೆ ಬಂದ ರೋಗಿಗಳ ಲೆಕ್ಕವನ್ನು ವರ್ಷಾನುಗಟ್ಟಲೆ ಬರೆದಿಟ್ಟು ಅದರಿಂದಲೇ ಈ ತೀರ್ಮಾನಕ್ಕೆ ಬಂದವರು. ಪುತ್ತೂರಿನಲ್ಲೋ ಕಡಬದಲ್ಲೋ ಮೂವತ್ತು ನಲವತ್ತು ವರ್ಷ ಒಂದೇ ಕಡೆ ಕುಳಿತು ಮೂರು ತಲೆಮಾರು ನೋಡಿದ ಡಾಕ್ಟರುಗಳ ನೋಟ್‌ಪುಸ್ತಕಗಳಲ್ಲಿ ಏನೇನಿದೆಯೋ ಎಂದು ನಾನು ಯೋಚಿಸುವುದುಂಟು.

◆ ಸೀತಾಳೆ ಸಿಡುಬಿನ ವೈದ್ಯಕೀಯ ಹೆಸರು 'ವ್ಯಾರಿಸೆಲ್ಲಾ'. ಅದು 'ವ್ಯಾರಿಯೋಲಾ' ಎಂಬುದರ ಪುಟ್ಟ ರೂಪ, ದೊಡ್ಡ ಸಿಡುಬಿನ ತಂಗಿ ಎಂದ ಹಾಗೆ. ವ್ಯಾರಿಯೋಲಾ ಎಂಬ ಪದವನ್ನು ಮೊದಲು ಬರೆದದ್ದು ಕ್ರಿ.ಶ. 570ರ ಸುಮಾರಿಗೆ ಅವಾಂಶ್ ಊರಿನ ಬಿಷಪ್ ಮಾರಿಯಸ್. ಮೂಲ ಅರ್ಥ 'ಚುಕ್ಕೆಚುಕ್ಕೆಯ'. ಸ್ಪೇನಿನಲ್ಲಿ ಅದು ವಿರುವೇಲಾ, ಇಟಲಿಯಲ್ಲಿ ವಯೋಲೋ. ಫ್ರೆಂಚರು ಸಿಡುಬಿಗೆ 'ಚಿಕ್ಕ ವೆರೋಲ್' ಎಂದು, ಗುಪ್ತರೋಗ ಸಿಫಿಲಿಸ್‌ಗೆ 'ದೊಡ್ಡ ವೆರೋಲ್' ಎಂದು ಹೆಸರಿಟ್ಟಿದ್ದರು.

◆ ಲ್ಯಾಟಿನ್‌ನಲ್ಲಿ ಹಸು ಎಂದರೆ 'ವಾಕ್ಕಾ'. ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು 1798ರಲ್ಲಿ ಜೆನ್ನರ್ ಬರೆದ, ವ್ಯಾಕ್ಸೀನ್ ಪದ ಹುಟ್ಟಿತು. ಸ್ಪ್ಯಾನಿಷ್‌ನಲ್ಲಿ ಲಸಿಕೆಗೆ 'ವಾಕುನಾ', ಅಂದರೆ ನೇರವಾಗಿ 'ಗೋವಿನದು'. ವಿಯೆನ್ನಾ, ಬಾಗ್ದಾದ್, ಬಸ್ರಾ ದಾಟಿ ತೋಳಿನಿಂದ ತೋಳಿಗೆ ಬಂದ ಆ ರಸ 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಸೇರಿತು. ಭಾರತದಲ್ಲಿ ಮೊದಲ ಲಸಿಕೆ ಅದು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರು ಅರಮನೆಯ ರಾಣಿಯರ ಚಿತ್ರವೊಂದಿದೆ. ಸೆರಗು ಸರಿಸಿ ತೋಳು ತೋರಿಸುತ್ತಿರುವ ರಾಣಿ ಲಸಿಕೆಯ ಪ್ರಚಾರಕ್ಕೆ ನಿಂತವಳು ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

◆ ಡಾಕ್ಟರ ಬಳಿ 'ಸರ್ಪಸುತ್ತು' ಎಂದರೆ ನಕ್ಕಾರು ಎಂದು ಸಂಕೋಚಪಡುವವರು ಇದ್ದಾರೆ. ಸಂಕೋಚ ಬೇಡ. ಅವರು ಬರೆಯುವ ಹೆಸರೂ ಅದೇ ಎಂಬುದು ನಿಮಗೆ ಈಗ ತಿಳಿದಿದೆ. ತಡಮಾಡುವುದು ಮಾತ್ರ ಬೇಡವೇ ಬೇಡ. ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೋವಿರ್ ಬಳಗದ ಮಾತ್ರೆ ಶುರುವಾದರೆ ಕಾಯಿಲೆ ಬೇಗ ಇಳಿಯುತ್ತದೆ. ಅಸೈಕ್ಲೋವಿರ್‌ಗೆ ದಾರಿ ಮಾಡಿಕೊಟ್ಟ ಸಂಶೋಧನೆಯ ಹಿಂದಿದ್ದವರಲ್ಲಿ ಒಬ್ಬರು 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್. ಹಣೆಯ ಮೇಲೆ, ಕಣ್ಣಿನ ಹತ್ತಿರ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರನ್ನೂ ನೋಡಬೇಕು, ದೃಷ್ಟಿಗೇ ಅಪಾಯವಿದೆ. ಗುಳ್ಳೆ ಒಣಗಿದ ಮೇಲೂ ಕೆಲವರಿಗೆ, ಮುಖ್ಯವಾಗಿ ಹಿರಿಯರಿಗೆ, ತಿಂಗಳುಗಟ್ಟಲೆ ನರದ ನೋವು ಉಳಿಯುತ್ತದೆ. ಅದಕ್ಕೂ ಔಷಧವಿದೆ, ಸಹಿಸಿಕೊಂಡು ಕೂರಬೇಕಾಗಿಲ್ಲ.

ಹರಕೆ ಹೊತ್ತಿದ್ದರೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಬನ್ನಿ, ಸೇವೆ ಮಾಡಿಸಿ. ಸರ್ಪ ಸಂಸ್ಕಾರಕ್ಕೆ ಎರಡು ದಿನ ಬೇಕು. ಮಾತ್ರೆ ಅಷ್ಟು ದಿನ ಕಾಯಬಾರದು, ಮೊದಲ ಗುಳಿಗೆ ನುಂಗಿಯೇ ಬಸ್ಸು ಹತ್ತಿ. ಒಡೆದ ಗುಳ್ಳೆಗೆ ಯಾವ ಮಣ್ಣನ್ನೂ ಹಚ್ಚಬೇಡಿ, ಕೀವು ಕಟ್ಟುತ್ತದೆ. ಮೃತ್ತಿಕೆಯನ್ನು ಹಣೆಗಿಟ್ಟುಕೊಂಡರೂ ಪ್ರಸಾದವೇ. ಗುಳ್ಳೆಯ ನೀರು ತಾಗಿದರೆ ಸೀತಾಳೆ ಬರದವರಿಗೆ ಸೀತಾಳೆ ಬರಬಹುದು, ಆದ್ದರಿಂದ ಬಸುರಿಯರಿಂದ, ಹಸುಗೂಸುಗಳಿಂದ ದೂರವಿರಿ.

◆ 50 ದಾಟಿದವರಿಗೆ ಸರ್ಪಸುತ್ತನ್ನು ತಡೆಯುವ ಲಸಿಕೆ ಇದೆ. 2023ರಿಂದ ಭಾರತದಲ್ಲೂ ಸಿಗುತ್ತಿದೆ. ಎರಡು ಚುಚ್ಚುಮದ್ದು, ಬೆಲೆ ಇನ್ನೂ ಬಡವರ ಕೈಗೆ ಎಟುಕುವಂತಿಲ್ಲ. ಎಟುಕುವಂತಾಗಬೇಕು. ಸೀತಾಳೆಯ ಲಸಿಕೆಯನ್ನು 1974ರಲ್ಲಿ ಜಪಾನಿನ ತಕಹಾಶಿ ತಯಾರಿಸಿದರು. ಆ ವೈರಸ್ ತಳಿಯ ಹೆಸರು 'ಓಕಾ', ಅದು ಸಿಕ್ಕ ಹುಡುಗನ ಮನೆತನದ ಹೆಸರು.

◆ ಹಾವು ಮತ್ತು ಆಸ್ಪತ್ರೆ ಜೊತೆಯಾಗಿರುವುದು ರೋಮಿನಲ್ಲೂ ಉಂಟು. ಕ್ರಿ.ಪೂ. 293ರಲ್ಲಿ ರೋಮಿಗೆ ದೊಡ್ಡ ಪಿಡುಗು ಬಂತು. ಗ್ರೀಸಿನ ಎಪಿಡಾರಸ್‌ನಲ್ಲಿದ್ದ ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಹಾವನ್ನು ಹಡಗಿನಲ್ಲಿ ತಂದರು. ಹಾವು ಟೈಬರ್ ನದಿಯ ನಡುಗಡ್ಡೆಗೆ ಇಳಿದು ಹೋಯಿತು, ಅಲ್ಲೇ ಗುಡಿ ಕಟ್ಟಿದರು ಎಂಬುದು ಕತೆ. ಅದೇ ನಡುಗಡ್ಡೆಯಲ್ಲಿ 16ನೆಯ ಶತಮಾನದಿಂದ ಈವರೆಗೆ ಆಸ್ಪತ್ರೆ ನಡೆಯುತ್ತಿದೆ. ಇಟಲಿಯ ಕೊಕುಲ್ಲೋ ಊರಿನಲ್ಲಿ ಮೇ 1ರಂದು ಸಂತ ದೊಮೆನಿಕೋ ಮೂರ್ತಿಗೆ ಜೀವಂತ ಹಾವುಗಳನ್ನು ಹೊದಿಸಿ ಮೆರವಣಿಗೆ ಮಾಡುತ್ತಾರೆ. ಅವು ವಿಷವಿಲ್ಲದ ಹಾವುಗಳು, ಹಬ್ಬ ಮುಗಿದ ಮೇಲೆ ಕಾಡಿಗೆ ಬಿಡುತ್ತಾರೆ.

◆ ಬಿ.ಪಿ.ಗೆ ಹೆಸರಾದ ಎರಡು ಔಷಧಗಳ ಹಿಂದೆ ಹಾವಿನ ನೆರಳಿದೆ. ನಮ್ಮ ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ್ದು ರಿಸರ್ಪಿನ್, ಹೆಸರಿನೊಳಗೇ ಸರ್ಪ ಇದೆ. ಅದಕ್ಕೆ ಮೊದಲೇ, 1949ರಲ್ಲಿ, ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ ಸರ್ಪಗಂಧ ರಕ್ತದೊತ್ತಡ ಇಳಿಸುತ್ತದೆಂದು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದಿದ್ದರು. ಇನ್ನೊಂದು ಕ್ಯಾಪ್ಟೊಪ್ರಿಲ್. ಅದರ ದಾರಿ ತೆರೆದದ್ದು ಬ್ರೆಜಿಲ್ಲಿನ 'ಜರರಾಕಾ' ಎಂಬ ಮಂಡಲದ ಹಾವಿನ ವಿಷ, ಹುಡುಕಿದವರು ಅಲ್ಲಿಯವರೇ ಆದ ಸೆರ್ಜಿಯೋ ಫೆರೇರಾ.

◆ ನಾಗರಹಾವಿಗೆ ಶಾಸ್ತ್ರೀಯ ಹೆಸರು 'ನಾಜಾ ನಾಜಾ'. 1758ರಲ್ಲಿ ಲಿನ್ನೇಯಸ್ ಮೊದಲು ಬರೆದದ್ದು 'ಕೊಲುಬರ್ ನಾಜಾ' ಎಂದು. ಕೊಲುಬರ್ ನಾವು ಆಗಲೇ ಕಂಡ ಲ್ಯಾಟಿನ್ ಹಾವು, ನಾಜಾ ನಮ್ಮ ನಾಗ.

◆ ಸುಬ್ರಹ್ಮಣ್ಯದ ಸುತ್ತಲಿನ ಘಟ್ಟದ ಕಾಡಿನಲ್ಲಿ, ತೋಟದ ಅಂಚಿನಲ್ಲಿ ಕಾಣಿಸುವ ಕಾಳಿಂಗ ಸರ್ಪ ಬೇರೆ ಹಾವುಗಳನ್ನೇ ತಿಂದು ಬದುಕುವ ಹಾವು. ಭಾರತದಿಂದ ಫಿಲಿಪ್ಪೀನ್ಸ್‌ವರೆಗೂ ಇರುವುದು ಒಂದೇ ಜಾತಿ ಎಂದು ಬಹುಕಾಲ ನಂಬಿದ್ದರು. 2024ರಲ್ಲಿ ಆಗುಂಬೆಯ ಗೌರಿಶಂಕರ್ ಮತ್ತು ಜೊತೆಗಾರರು ಅದರಲ್ಲಿ ನಾಲ್ಕು ಜಾತಿಗಳಿವೆ ಎಂದು ತೋರಿಸಿದರು. ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ಜಾತಿಗೆ ಹೊಸ ಹೆಸರು ಬೇಕಾಯಿತು. ಲ್ಯಾಟಿನ್ ಹುಡುಕಲಿಲ್ಲ, ಊರವರು ಕರೆಯುವುದನ್ನೇ ಇಟ್ಟರು: 'ಓಫಿಯೋಫೇಗಸ್ ಕಾಳಿಂಗ'.